ಪಾಷಾಣದ ಕನ್ನಡಿ: ವಿಷವನ್ನು ಅಳೆಯಲು ಕಲಿತ ಕಥೆ

ಇಲಿಪಾಷಾಣ ಎಂಬ ಮಾತು ನಮ್ಮ ಊರುಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಈಗ ಅಂಗಡಿಯಲ್ಲಿ ಸಿಗುವ ಇಲಿಮದ್ದುಗಳು ಬೇರೆ ರಾಸಾಯನಿಕಗಳು. ಹಿಂದೆ ಪಾಷಾಣವೆಂದರೆ ಆರ್ಸೆನಿಕ್‌ನ ಬಿಳಿಯ ಪುಡಿ. ಅದಕ್ಕೆ ವಾಸನೆಯಿಲ್ಲ, ರುಚಿಯೂ ಹೆಚ್ಚುಕಡಿಮೆ ಇಲ್ಲ. ತಿಂದವರಿಗೆ ವಾಂತಿ, ಭೇದಿ ಆಗುತ್ತಿತ್ತು. ನೋಡಿದವರು ಕಾಲರಾ ಎಂದುಕೊಳ್ಳುತ್ತಿದ್ದರು. ಹೀಗಾಗಿ 19ನೆಯ ಶತಮಾನದ ಆರಂಭದವರೆಗೂ ಯುರೋಪಿನಲ್ಲಿ ಮನೆಯೊಳಗಿನ ಕೊಲೆಗೆ ಅದೇ ಸುಲಭದ ಸಾಧನವಾಗಿತ್ತು. ಅನುಮಾನ ಎಲ್ಲರಿಗೂ ಬರುತ್ತಿತ್ತು, ಸಾಬೀತು ಮಾಡುವುದು ಮಾತ್ರ ಬಹಳ ಕಷ್ಟವಾಗಿತ್ತು.

1830ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಪ್ಲಮ್‌ಸ್ಟೆಡ್ ಎಂಬ ಊರಿನಲ್ಲಿ ಜಾರ್ಜ್ ಬೋಡ್ಲ್ ಎಂಬ ವೃದ್ಧರು ಕಾಫಿ ಕುಡಿದು ಸತ್ತರು. ಮೊಮ್ಮಗ ಜಾನ್ ಬೋಡ್ಲ್ ಮೇಲೆ ಆರೋಪ ಬಂತು. ವುಲಿಚ್‌ನ ಶಸ್ತ್ರಾಗಾರದಲ್ಲಿ ಕೆಲಸಕ್ಕಿದ್ದ ಜೇಮ್ಸ್ ಮಾರ್ಷ್ ಎಂಬ ರಸಾಯನಶಾಸ್ತ್ರಜ್ಞ ಕಾಫಿಯನ್ನು ಪರೀಕ್ಷಿಸಿದ. ಆರ್ಸೆನಿಕ್ ಇದೆಯೆಂದು ತೋರಿಸುವ ಹಳದಿ ಗಸಿ ಅವನಿಗೆ ಕಂಡಿತು. ಆದರೆ ನ್ಯಾಯಾಲಯದಲ್ಲಿ ಜ್ಯೂರಿಯ ಮುಂದೆ ಇಡುವ ಹೊತ್ತಿಗೆ ಆ ಗಸಿ ಕೆಟ್ಟುಹೋಗಿತ್ತು. ಆರೋಪಿ ಬಿಡುಗಡೆಯಾದ. ಕೊಂದದ್ದು ತಾನೇ ಎಂದು ಮುಂದೆ ಅವನೇ ಒಪ್ಪಿಕೊಂಡ.

ಇದರಿಂದ ನೊಂದ ಮಾರ್ಷ್, ನ್ಯಾಯಾಲಯಕ್ಕೆ ತಂದು ತೋರಿಸಬಲ್ಲಂಥ ಪುರಾವೆಗಾಗಿ ದುಡಿದ. 1836ರಲ್ಲಿ ತನ್ನ ಹೊಸ ವಿಧಾನವನ್ನು ಪ್ರಕಟಿಸಿದ. ಅದರ ಅರ್ಧ ಭಾಗ ನಮ್ಮ ಶಾಲೆಯಲ್ಲಿ ಓದಿದ ಎಲ್ಲರಿಗೂ ಗೊತ್ತು. ಸತುವಿನ ಚೂರಿಗೆ ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಹಾಕಿದರೆ ಹೈಡ್ರೋಜನ್ ಬರುತ್ತದೆ. ಬೆಂಕಿಕಡ್ಡಿ ಹಿಡಿದರೆ ‘ಟಪ್’ ಎನ್ನುತ್ತದೆ. ಆ ಪಾತ್ರೆಯೊಳಗೆ ಆರ್ಸೆನಿಕ್ ಇರುವ ಪದಾರ್ಥವನ್ನೂ ಹಾಕಿದರೆ ಹೈಡ್ರೋಜನ್ ಅದರೊಡನೆ ಕೂಡಿ ಆರ್ಸೀನ್ ಎಂಬ ವಿಷಾನಿಲವಾಗುತ್ತದೆ. ಕೊಳವೆಯ ತುದಿಯಲ್ಲಿ ಅದನ್ನು ಉರಿಸಿ, ಆ ಜ್ವಾಲೆಗೆ ತಣ್ಣನೆಯ ಪಿಂಗಾಣಿ ತಟ್ಟೆ ಹಿಡಿದರೆ ಹೊಳೆಯುವ ಕಪ್ಪು ಕಲೆ ಕೂರುತ್ತದೆ. ಇದೇ ‘ಆರ್ಸೆನಿಕ್ ಕನ್ನಡಿ’. ಒಂದು ಮಿಲಿಗ್ರಾಮಿನ ಐವತ್ತನೆಯ ಒಂದು ಭಾಗದಷ್ಟು ಆರ್ಸೆನಿಕ್ ಇದ್ದರೂ ಅದು ಕಾಣುತ್ತಿತ್ತು. ಕಲೆಯ ಗಾತ್ರ ನೋಡಿ ಪ್ರಮಾಣವನ್ನೂ ಅಂದಾಜು ಮಾಡಬಹುದಿತ್ತು.

ನಾಲ್ಕೇ ವರ್ಷಗಳಲ್ಲಿ ಈ ಕನ್ನಡಿಗೆ ದೊಡ್ಡ ಪರೀಕ್ಷೆ ಎದುರಾಯಿತು. 1840ರ ಜನವರಿಯಲ್ಲಿ ಫ್ರಾನ್ಸಿನಲ್ಲಿ ಶಾರ್ಲ್ ಲಫಾರ್ಜ್ ಎಂಬಾತ ಸತ್ತ. ಇಲಿ ಕೊಲ್ಲಲೆಂದು ಆರ್ಸೆನಿಕ್ ಕೊಂಡಿದ್ದ ಅವನ ಹೆಂಡತಿ ಮರಿ ಲಫಾರ್ಜ್ ಮೇಲೆ ಮೊಕದ್ದಮೆ ನಡೆಯಿತು. ಸ್ಥಳೀಯ ತಜ್ಞರು ಮಾಡಿದ ಪರೀಕ್ಷೆಗಳು ಒಂದಕ್ಕೊಂದು ತಾಳೆಯಾಗಲಿಲ್ಲ. ಕೊನೆಗೆ ಪ್ಯಾರಿಸ್‌ನಿಂದ ಬಂದ ಪ್ರಸಿದ್ಧ ವಿಷಶಾಸ್ತ್ರಜ್ಞ ಮತೆಯು ಓರ್ಫಿಲಾ, ಶವದಲ್ಲಿ ಆರ್ಸೆನಿಕ್ ಇದೆ ಎಂದು ಸಾಕ್ಷಿ ಹೇಳಿದ. ಅಷ್ಟೇ ಹೇಳಿ ನಿಲ್ಲಿಸಲಿಲ್ಲ. ಅದು ತಾನು ಬಳಸಿದ ರಾಸಾಯನಿಕಗಳಿಂದ ಬಂದದ್ದಲ್ಲ, ಹೂತ ಜಾಗದ ಮಣ್ಣಿನಿಂದ ಬಂದದ್ದೂ ಅಲ್ಲ ಎಂದು ಬೇರೆಯಾಗಿ ಸ್ಪಷ್ಟಪಡಿಸಿದ. ಮರಿಗೆ ಜೀವಾವಧಿ ಶಿಕ್ಷೆಯಾಯಿತು. ಆದರೂ ಸತುವಿನಲ್ಲೇ ಆರ್ಸೆನಿಕ್ ಅಂಶ ಇರಬಹುದಲ್ಲವೇ ಎಂದು ರಸ್ಪಾಯ್ ಎಂಬ ವಿಜ್ಞಾನಿ ಎತ್ತಿದ ಪ್ರಶ್ನೆ ಬಹಳ ಕಾಲ ಉಳಿಯಿತು.

ಆ ಪ್ರಶ್ನೆ ಬರಿಯ ವಾದವಾಗಿರಲಿಲ್ಲ ಎಂಬುದು 1859ರಲ್ಲಿ ಲಂಡನ್ನಿನಲ್ಲಿ ತಿಳಿಯಿತು. ಥಾಮಸ್ ಸ್ಮೆಥರ್ಸ್ಟ್ ಎಂಬ ವೈದ್ಯನ ಮೇಲಿನ ಕೊಲೆ ಮೊಕದ್ದಮೆಯಲ್ಲಿ, ಇಂಗ್ಲೆಂಡಿನ ಹೆಸರಾಂತ ತಜ್ಞ ಆಲ್ಫ್ರೆಡ್ ಸ್ವೇನ್ ಟೇಲರ್ ಒಂದು ಔಷಧದ ಬಾಟಲಿಯಲ್ಲಿ ಆರ್ಸೆನಿಕ್ ಕಂಡುಹಿಡಿದಿದ್ದ. ಆಮೇಲೆ ನೋಡಿದರೆ ಅದು ಬಂದದ್ದು ಪರೀಕ್ಷೆಗೆಂದು ಅವನೇ ಬಳಸಿದ ತಾಮ್ರದ ಜಾಲರಿಯಿಂದ! ಟೇಲರ್ ಇದನ್ನು ನ್ಯಾಯಾಲಯದಲ್ಲೇ ಒಪ್ಪಿಕೊಂಡ. ಆದರೂ ಜ್ಯೂರಿ ಆರೋಪಿಯನ್ನು ತಪ್ಪಿತಸ್ಥನೆಂದಿತು, ಮರಣದಂಡನೆ ಘೋಷಣೆಯಾಯಿತು. ಸಾರ್ವಜನಿಕ ವಿರೋಧ ಎದ್ದು, ಸಾಕ್ಷ್ಯವನ್ನು ಮತ್ತೊಮ್ಮೆ ಪರಿಶೀಲಿಸಿದ ಮೇಲೆ ಅವನು ನೇಣಿನಿಂದ ಪಾರಾದ.

ಬೋಡ್ಲ್ ಪ್ರಕರಣದಲ್ಲಿ ಅಪರಾಧಿ ತಪ್ಪಿಸಿಕೊಂಡ. ಇಲ್ಲಿ ಸಾಬೀತಾಗದ ಆರೋಪಕ್ಕೆ ಒಂದು ಜೀವ ಹೋಗುವುದರಲ್ಲಿತ್ತು. ಇವೆರಡರಿಂದ ಕಲಿಯುವ ಪಾಠ ಒಂದೇ. ವಸ್ತು ಸಿಕ್ಕಿತು ಎಂದರೆ ಸಾಲದು. ಎಷ್ಟು ಸಿಕ್ಕಿತು, ಎಲ್ಲಿಂದ ಬಂತು ಎಂಬುದಕ್ಕೂ ಉತ್ತರ ಬೇಕು. ಅದಕ್ಕಾಗಿಯೇ ಅನುಮಾನದ ವಸ್ತುವನ್ನು ಬಿಟ್ಟು, ಉಳಿದೆಲ್ಲವನ್ನೂ ಹಾಗೆಯೇ ಇಟ್ಟು ಒಮ್ಮೆ ಪರೀಕ್ಷೆ ಮಾಡುತ್ತಾರೆ. ಅಲ್ಲಿ ಏನೂ ಕಾಣದಿದ್ದರೆ ಮಾತ್ರ ಮುಂದಿನ ಫಲಿತಾಂಶಕ್ಕೆ ಬೆಲೆ. ನಾನು ದುಡಿಯುವ ಸಾಫ್ಟ್‌ವೇರ್ ಕ್ಷೇತ್ರದಲ್ಲೂ ಅಷ್ಟೇ. ಒಂದು ಪ್ರೋಗ್ರಾಂ ತಪ್ಪಾಗಿದೆ ಎನ್ನುವ ಮೊದಲು ಅದನ್ನು ಪರೀಕ್ಷಿಸುವ ಪ್ರೋಗ್ರಾಂ ಸರಿಯಿದೆಯೇ ಎಂದು ನೋಡಿಕೊಳ್ಳಬೇಕು.

ಇಂದಿನ ಯಂತ್ರಗಳು ನೂರು ಕೋಟಿಯಲ್ಲಿ ಒಂದು ಭಾಗವನ್ನೂ ಅಳೆಯುತ್ತವೆ. ಅಳತೆ ಸೂಕ್ಷ್ಮವಾದಷ್ಟೂ ಈ ಎಚ್ಚರ ಹೆಚ್ಚಬೇಕು, ಏಕೆಂದರೆ ಅಷ್ಟು ಸೂಕ್ಷ್ಮವಾಗಿ ಹುಡುಕಿದರೆ ಆರ್ಸೆನಿಕ್ ಮಣ್ಣಿನಲ್ಲೂ ನೀರಿನಲ್ಲೂ ಸಿಗುತ್ತದೆ. ನಮ್ಮ ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿನಲ್ಲಿ, ಹಳೆಯ ಚಿನ್ನದ ಗಣಿಗಳ ಸುತ್ತಲಿನ ಅಂತರ್ಜಲದಲ್ಲಿ ಮಿತಿ ಮೀರಿದ ಆರ್ಸೆನಿಕ್ ಪತ್ತೆಯಾಗಿದೆ. ಅಂಥ ನೀರು ಕುಡಿದವರ ಕೂದಲಲ್ಲಿ, ಉಗುರಲ್ಲಿ ಅದು ಸೇರಿಕೊಳ್ಳುತ್ತದೆ. ಅಲ್ಲಿ ಯಾರೂ ಯಾರಿಗೂ ವಿಷ ಹಾಕಿರುವುದಿಲ್ಲ.

ಭಾರತದಲ್ಲಿ ವಿಷಪರೀಕ್ಷೆಗೆಂದು ಮೊದಲ ಸರ್ಕಾರಿ ಪ್ರಯೋಗಾಲಯ ತೆರೆದದ್ದು 1849ರಲ್ಲಿ, ಮದರಾಸಿನಲ್ಲಿ. ಇಂದು ನಮ್ಮ ರಾಜ್ಯದ ಪ್ರಕರಣಗಳನ್ನು ಬೆಂಗಳೂರಿನ ಮಡಿವಾಳದಲ್ಲಿರುವ ವಿಧಿವಿಜ್ಞಾನ ಪ್ರಯೋಗಾಲಯ ಮತ್ತು ಅದರ ಪ್ರಾದೇಶಿಕ ಕೇಂದ್ರಗಳು ನೋಡಿಕೊಳ್ಳುತ್ತವೆ. ಊರಿನಲ್ಲಿ ಯಾರಾದರೂ ದಿಢೀರನೆ ತೀರಿಕೊಂಡರೆ ವರದಿ ಬರುವ ಮೊದಲೇ ಕಟ್ಟೆಯ ಮೇಲೆ ತೀರ್ಪು ಆಗಿಬಿಟ್ಟಿರುತ್ತದೆ. ಹೆಚ್ಚಾಗಿ ಆ ಬೆರಳು ತಿರುಗುವುದು ಮನೆಯ ಸೊಸೆಯ ಕಡೆಗೋ ದಾಯಾದಿಯ ಕಡೆಗೋ. ಅಂಥ ಹೊತ್ತಿನಲ್ಲಿ ಒಂದು ಸಂಗತಿ ನೆನಪಿರಲಿ. ಮರಣೋತ್ತರ ಪರೀಕ್ಷೆಯಲ್ಲಿ ತೆಗೆದ ಒಳಾಂಗದ ಭಾಗಗಳನ್ನು ಸಾಮಾನ್ಯವಾಗಿ ಗಟ್ಟಿ ಉಪ್ಪುನೀರಿನಲ್ಲಿಟ್ಟು ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಜೊತೆಗೆ ಅದೇ ಉಪ್ಪುನೀರನ್ನು ಮಾತ್ರ ತುಂಬಿದ ಇನ್ನೊಂದು ಬಾಟಲಿಯನ್ನೂ ಕಳಿಸಬೇಕೆಂಬ ನಿಯಮವಿದೆ. ವಿಷ ಆ ನೀರಿನಿಂದಲೇ ಬಂದಿರಬಾರದಲ್ಲ! ಯಾರನ್ನೂ ದೂರುವ ಮೊದಲು ವಿಜ್ಞಾನ ತನ್ನನ್ನೇ ತಾನು ಪರೀಕ್ಷಿಸಿಕೊಳ್ಳುವುದು ಆ ಎರಡನೆಯ ಬಾಟಲಿಯಲ್ಲಿ.