ನಾಣ್ಯ ಚಿಮ್ಮಿ ಎಲೆಕ್ಟ್ರಾನ್ ಲೆಕ್ಕ ಹಾಕಿದವರು: ಬೆಂಗಳೂರಿನ ಒಂದು ಕಥೆ

ಪೋಸ್ಟ್ 1

ಅರಿಶಿನ ಯಾಕ ಹಳದಿ ಐತಿ? ಅದರೊಳಗಿನ ಅಣುಗಳ ಎಲೆಕ್ಟ್ರಾನ್‌ಗಳು ನೀಲಿ ಬೆಳಕನ್ನು ಹೀರಿ ಒಂದು ಮೆಟ್ಟಿಲು ಮೇಲೆ ಹತ್ತುತ್ತವೆ, ಉಳಿದ ಬೆಳಕು ನಮ್ಮ ಕಣ್ಣಿಗೆ ಬರುತ್ತದೆ. ಆ ಮೆಟ್ಟಿಲು ಎಷ್ಟು ಎತ್ತರ ಅಂತ ಲೆಕ್ಕ ಹಾಕೋಕೆ ಬಂದ್ರೆ ಬಣ್ಣವನ್ನ ಕಾಗದದ ಮೇಲೇ ಹೇಳಬಹುದು.

ಸೂತ್ರವೇನೋ 1926ರಲ್ಲೇ ಶ್ರೋಡಿಂಗರ್ ಕೊಟ್ಟಿದ್ದರು. 1929ರಲ್ಲಿ ಡಿರಾಕ್ ಎಂಬ ಭೌತವಿಜ್ಞಾನಿ ರಸಾಯನಶಾಸ್ತ್ರಕ್ಕೆ ಬೇಕಾದ ನಿಯಮಗಳೆಲ್ಲ ಸಿಕ್ಕಿವೆ, ಸಮೀಕರಣ ಬಿಡಿಸೋದೇ ಕಷ್ಟ ಅನ್ನೋ ಅರ್ಥದ ಮಾತು ಬರೆದರು. ಆ ‘ಕಷ್ಟ’ ಇನ್ನೂ ಮುಗಿದಿಲ್ಲ ನೋಡ್ರಿ.

ಕಾರಣ, ಎಲೆಕ್ಟ್ರಾನ್‌ಗಳು ಒಂದನ್ನೊಂದು ದೂಡುತ್ತವೆ. ಸಂತೆ ದಿನ ಮುಂಡರಗಿ ಬಸ್ಸಿನಾಗ ಒಬ್ಬ ಸರಿದ್ರ ಎಲ್ಲಾರೂ ಸರೀಬೇಕಲ್ಲ, ಹಂಗ. ಒಂದನ್ನೇ ಹಿಡಿದು ಲೆಕ್ಕ ಮಾಡೋಕೆ ಬರಲ್ಲ. ಅತಿ ಸರಳ ಮಾದರಿ ತಗೊಳ್ಳಿ: ಒಂದು ಕಾರ್ಬನ್ ಅಂದ್ರೆ ಒಂದು ಸೀಟು. ಅದು ಖಾಲಿ ಇರಬಹುದು, ಮೇಲ್ಮುಖ ಸ್ಪಿನ್‌ನ ಒಂದು ಎಲೆಕ್ಟ್ರಾನ್, ಕೆಳಮುಖದ ಒಂದು, ಅಥವಾ ಎರಡೂ. ಒಟ್ಟು ನಾಲ್ಕು ಸಾಧ್ಯತೆ. 6 ಸೀಟಿನ ಬೆಂಜೀನ್‌ಗೆ 4,096 ಜೋಡಣೆ. 10 ಸೀಟಿಗೆ 10 ಲಕ್ಷ ದಾಟುತ್ತದೆ. 20ಕ್ಕೆ ಒಂದು ಲಕ್ಷ ಕೋಟಿಗೂ ಹೆಚ್ಚು. ಫುಟ್‌ಬಾಲ್ ಆಕಾರದ 60 ಕಾರ್ಬನ್‌ಗಳ ಅಣುವಿಗೆ ಬರೋ ಸಂಖ್ಯೆಗೆ 37 ಅಂಕಿ.

ನಮ್ಮ ಕ್ಲಾಸಲ್ಲಿ ಚಕ್ರಬಡ್ಡಿ ನೋಡಿ ಹೆದರೋರು ಇದನ್ನೊಮ್ಮೆ ನೋಡ್ರಪಾ.

ಪೋಸ್ಟ್ 2

ಎಲ್ಲವನ್ನೂ ಎಣಿಸೋಕೆ ಆಗದಿದ್ರೆ ಸ್ಯಾಂಪಲ್ ತೆಗೀಬೇಕು. ಇದು ನಮಗ ಗೊತ್ತಿರೋ ವಿಷಯ, ಆಡಿಟಿಂಗ್ ಪೇಪರ್‌ನಾಗೇ ಬರ್ತೈತಿ.

ಫೋಟೋದಲ್ಲಿ ಇರೋದು ನಮ್ಮ ಅಂಗಳ. ಚೌಕ ಬರೆದು, ಅದರೊಳಗೆ ನಾಲ್ಕೂ ಬದಿ ತಾಗುವಂತೆ ವೃತ್ತ ಬರೆದು, ಮ್ಯಾಲಿಂದ ಜೋಳ ಚೆಲ್ಲೋದು. ಚೌಕದೊಳಗೆ ಎಲ್ಲಾ ಕಡೆ ಸಮವಾಗಿ 1,000 ಕಾಳು ಬಿದ್ದರೆ ವೃತ್ತದೊಳಗೆ ಸುಮಾರು 785 ಇರುತ್ತವೆ, ಹತ್ತು-ಹದಿನೈದು ಆಚೀಚೆ. ಅದನ್ನು ಸಾವಿರದಿಂದ ಭಾಗಿಸಿ ನಾಲ್ಕರಿಂದ ಗುಣಿಸಿದರೆ ಪೈ ಬೆಲೆ ಹತ್ತಿರ ಬರುತ್ತದೆ. ಆದರೆ ತಪ್ಪು ಅರ್ಧಕ್ಕೆ ಇಳೀಬೇಕಂದ್ರೆ ಕಾಳು ನಾಲ್ಕು ಪಟ್ಟು ಬೇಕು. ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗ್ತೈತಿ.

1946ರಲ್ಲಿ ಸ್ಟಾನಿಸ್ಲಾವ್ ಉಲಾಮ್ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಾ ಒಬ್ಬರೇ ಇಸ್ಪೀಟ್ ಆಡುತ್ತಿದ್ದರು. ಆಟ ಗೆಲ್ಲುವ ಸಂಭವ ಎಷ್ಟು ಅಂತ ಸೂತ್ರ ಹುಡುಕುವ ಬದಲು ನೂರು ಸಲ ಆಡಿ ಎಣಿಸಿದರೆ ಆಗಲ್ವಾ ಅಂತ ಹೊಳೀತು. ಅವರ ಬಂಧುವೊಬ್ಬರು ಜೂಜಾಡೋಕೆ ಮಾಂಟೆ ಕಾರ್ಲೊಗೆ ಹೋಗಲು ಸಾಲ ಕೇಳ್ತಿದ್ದರಂತೆ, ವಿಧಾನಕ್ಕೂ ಅದೇ ಹೆಸರು ಬಿತ್ತು. 1949ರಲ್ಲಿ ಉಲಾಮ್ ಮತ್ತು ಮೆಟ್ರೊಪೊಲಿಸ್ ಬರೆದ ಪ್ರಬಂಧದಲ್ಲೇ, ಶ್ರೋಡಿಂಗರ್ ಸಮೀಕರಣಕ್ಕೂ ಇದನ್ನು ಬಳಸಬಹುದು ಎಂಬ ಎನ್ರಿಕೊ ಫರ್ಮಿ ಅವರ ಸಲಹೆ ಇದೆ. 1975ರಲ್ಲಿ ಜೇಮ್ಸ್ ಆಂಡರ್ಸನ್ ಮೂರು ಹೈಡ್ರೋಜನ್‌ಗಳ ಒಂದು ಪುಟ್ಟ ಅಯಾನಿನ ಮೇಲೆ ಹೀಗೆ ಮಾಡಿ ತೋರಿಸಿದರು. 1980ರಲ್ಲಿ ಸೆಪರ್ಲಿ ಮತ್ತು ಆಲ್ಡರ್ ಎಲೆಕ್ಟ್ರಾನ್‌ಗಳ ದೊಡ್ಡ ಗುಂಪನ್ನೇ ಲೆಕ್ಕ ಹಾಕಿದರು. ಇವತ್ತಿಗೂ ರಸಾಯನದ ಎಷ್ಟೋ ಸಾಫ್ಟ್‌ವೇರ್‌ಗಳ ಒಳಗೆ ಆ ಅಂಕಿಗಳು ಕೂತಿವೆ.

ಪೋಸ್ಟ್ 3

ಇಲ್ಲಿ ಒಂದು ಮೈನಸ್ ಚಿಹ್ನೆ ಅಡ್ಡ ಬರುತ್ತದೆ.

ಎರಡು ಎಲೆಕ್ಟ್ರಾನ್‌ಗಳು ಜಾಗ ಅದಲುಬದಲು ಮಾಡಿಕೊಂಡರೆ ಲೆಕ್ಕದ ಚಿಹ್ನೆ ಪ್ಲಸ್ ಇದ್ದದ್ದು ಮೈನಸ್ ಆಗುತ್ತದೆ. ಇದು ಪ್ರಕೃತಿಯ ನಿಯಮ. ಹಾಗಾಗಿ ಕೆಲವು ಕಾಳು ಜಮಾ, ಕೆಲವು ಖರ್ಚು. ಜಮಾ 5,00,00,050 ರೂಪಾಯಿ, ಖರ್ಚು 5,00,00,000 ರೂಪಾಯಿ ಅಂದುಕೊಳ್ಳಿ. ಉಳಿದದ್ದು 50 ರೂಪಾಯಿ. ನಮಗೆ ಬೇಕಾಗಿರೋದು ಆ ಐವತ್ತೇ. ಆದರೆ ಎರಡೂ ಕಡೆ ಅಂದಾಜಿನಲ್ಲಿ ಬರೀ ಸಾವಿರ ರೂಪಾಯಿ ಹೆಚ್ಚುಕಡಿಮೆ ಆದ್ರೂ ಐವತ್ತು ಕಾಣೆ! ಉಳಿಕೆ ನೂರರಲ್ಲಿ ಒಂದು ಭಾಗಕ್ಕೆ ಇಳಿದರೆ ಅಷ್ಟೇ ನಿಖರತೆಗೆ ಹತ್ತು ಸಾವಿರ ಪಟ್ಟು ಸ್ಯಾಂಪಲ್ ಬೇಕು. ಅಣು ದೊಡ್ಡದಾದಂತೆ ಈ ಉಳಿಕೆ ಸಾಮಾನ್ಯವಾಗಿ ಚಕ್ರಬಡ್ಡಿಯ ಉಲ್ಟಾ ವೇಗದಲ್ಲಿ ಕರಗುತ್ತದೆ.

ದೊಡ್ಡ ಕಂಪ್ಯೂಟರ್ ತಂದ್ರೆ ಮುಗೀತಲ್ಲ ಅಂತ ಕೇಳೋರಿಗೆ: ಇಲ್ರಿ. ಎಲ್ಲಾ ಸಂದರ್ಭಕ್ಕೂ ಒಗ್ಗುವ ವೇಗದ ಪರಿಹಾರ ಸಿಗೋದು ಗಣಿತದ ಅತಿ ಕಠಿಣ ಸಮಸ್ಯೆಗಳನ್ನು ಬಿಡಿಸಿದಷ್ಟೇ ಕಷ್ಟ ಅಂತ 2005ರಲ್ಲಿ ಟ್ರೋಯರ್ ಮತ್ತು ವೀಸೆ ತೋರಿಸಿದರು.

ಪೋಸ್ಟ್ 4

ಈಗ ಬೆಂಗಳೂರಿಗೆ ಬರೋಣ. ಭಾರತೀಯ ವಿಜ್ಞಾನ ಸಂಸ್ಥೆ, ಅಂದ್ರೆ ಟಾಟಾ ಇನ್‌ಸ್ಟಿಟ್ಯೂಟ್. ಸಿ.ಎನ್.ಆರ್. ರಾವ್ 1976ರಲ್ಲಿ ಅಲ್ಲಿ ಕಟ್ಟಿದ ಘನಸ್ಥಿತಿ ರಸಾಯನ ವಿಭಾಗದಲ್ಲಿ ಎಸ್. ರಾಮಶೇಷ ಇದ್ದರು. ಭೌತಶಾಸ್ತ್ರ ವಿಭಾಗದಲ್ಲಿ ಎಚ್.ಆರ್. ಕೃಷ್ಣಮೂರ್ತಿ. ಕೃಷ್ಣಮೂರ್ತಿ ಅವರು ವಿಲ್ಕಿನ್ಸ್ ಮತ್ತು ಕೆನೆತ್ ವಿಲ್ಸನ್ ಜೊತೆ 1980ರಲ್ಲಿ ಪ್ರಕಟಿಸಿದ ಪ್ರಬಂಧಗಳು ಈ ಕ್ಷೇತ್ರದಲ್ಲಿ ಬಹಳ ಹೆಸರಾದವು. ವಿಲ್ಸನ್‌ಗೆ 1982ರಲ್ಲಿ ನೊಬೆಲ್ ಬಂತು.

1990ರ ದಶಕದಲ್ಲಿ ಭಾರ್ಗವಿ ಶ್ರೀನಿವಾಸನ್ ಜೊತೆ ಸೇರಿ ಇವರಿಬ್ಬರು ಮಾಂಟೆ ಕಾರ್ಲೊದ ಒಂದು ಹೊಸ ರೂಪ ಕೊಟ್ಟರು. ಅದಕ್ಕೂ ಮೊದಲಿದ್ದ ವಿಧಾನ ಹೀಗೆ: ಎಲೆಕ್ಟ್ರಾನ್‌ಗಳ ದೂಡಾಟದ ಬದಲು ಪ್ರತಿ ಸೀಟಿನಲ್ಲೂ ಒಂದು ನಾಣ್ಯ ಚಿಮ್ಮೋದು (ಇದು 1983ರ ಹಿರ್ಶ್ ಅವರ ಉಪಾಯ), ಮತ್ತೆ ಮತ್ತೆ ಚಿಮ್ಮಿ ಸರಾಸರಿ ತೆಗೆಯೋದು. ಕಣದಾಗ ತೂರಿದಂಗ. ಹೊಟ್ಟು ಹಾರಿ ಹೋಗಿ, ಕೊನೆಗೆ ಎಲ್ಲಕ್ಕಿಂತ ಕೆಳಗಿನ ಸ್ಥಿತಿ ಒಂದೇ ಉಳಿಯುತ್ತದೆ. ಸಮಸ್ಯೆ ಏನಂದ್ರೆ ಬಣ್ಣಕ್ಕೆ ಬೇಕಾದ ಮೇಲಿನ ಮೆಟ್ಟಿಲೂ ಹೊಟ್ಟಿನ ಜೊತೆ ಹಾರಿ ಹೋಗುತ್ತದೆ.

ಇವರು ಸಮಮಿತಿಯನ್ನು ಹಿಡಿದರು. ರಂಗೋಲಿ ನೋಡಿ, ಎಡಬಲ ಮಗುಚಿದರೂ ಅದೇ ರಂಗೋಲಿ. ಅಣುವಿಗೂ ಹಾಗೇ ಇರುತ್ತದೆ. ಆದರೆ ಅದರ ಎಲೆಕ್ಟ್ರಾನ್ ಸ್ಥಿತಿಗಳಲ್ಲಿ ಕೆಲವು ಮಗುಚಿದರೆ ಹಾಗೇ ಇರುತ್ತವೆ, ಕೆಲವು ಚಿಹ್ನೆ ಬದಲಿಸುತ್ತವೆ. ಇವನ್ನು ಬೇರೆ ಬೇರೆ ರಾಶಿ ಮಾಡಿ ಒಂದೊಂದನ್ನೇ ತೂರಿದರೆ? ಪ್ರತಿ ರಾಶಿಯಲ್ಲೂ ಅದರದೇ ತಳದ ಸ್ಥಿತಿ ಉಳಿಯುತ್ತದೆ, ಮತ್ತು ಒಂದು ರಾಶಿಯ ತಳ ಅಂದರೆ ಇಡೀ ಅಣುವಿನ ಮೇಲಿನ ಮೆಟ್ಟಿಲು. ಹೊಸ ಮಷೀನ್ ಬೇಡ, ತೂರೋ ಮೊದಲು ವಿಂಗಡಣೆ ಮಾಡಿದರೆ ಸಾಕು. ನನಗಂತೂ ಈ ಇಡೀ ಇತಿಹಾಸದಲ್ಲಿ ಅತಿ ಇಷ್ಟವಾದ ಭಾಗ ಇದೇ.

ಮೈನಸ್ ಕಾಟವೂ ಕೆಲವು ಕಡೆ ಸಮಮಿತಿಯಿಂದಲೇ ತಪ್ಪುತ್ತದೆ. ಬೆಂಜೀನ್‌ನಂಥ ಆರು ಸೀಟಿನ ಉಂಗುರದಲ್ಲಿ ಆರೇ ಎಲೆಕ್ಟ್ರಾನ್ ಇದ್ದರೆ, ಈ ಸರಳ ಮಾದರಿಯಲ್ಲಿ ಎಲ್ಲವೂ ಜಮಾ ಕಡೆಯೇ ಬರುತ್ತದೆ. ಐದು ಸೀಟಿನ ಉಂಗುರ ಸೇರಿತೋ, ಆ ರಕ್ಷಣೆ ಹೋಯ್ತು. ಆ ಫುಟ್‌ಬಾಲ್ ಅಣುವಿನಲ್ಲಿ ಇಂಥ ಉಂಗುರ 12 ಇವೆ.

ಪೋಸ್ಟ್ 5

1992ರಲ್ಲಿ ಸ್ಟೀವನ್ ವೈಟ್ ಅಂತ, ಇವರೂ ವಿಲ್ಸನ್ ಶಿಷ್ಯರೇ, ಅದೃಷ್ಟದ ಆಟವೇ ಇಲ್ಲದ ಬೇರೆ ದಾರಿ ಕಂಡುಹಿಡಿದರು. ಸರಪಳಿಯಂಥ ಉದ್ದ ಅಣುಗಳಿಗೆ ಅದು ಅದ್ಭುತ, ಮೈನಸ್ ತಲೆನೋವೂ ಇಲ್ಲ. ಹರಡಿಕೊಂಡ ಅಗಲ ಅಣುಗಳಿಗೆ ಮಾತ್ರ ಬಹಳ ದುಬಾರಿ. 1996ರಲ್ಲಿ ರಾಮಶೇಷ, ಸ್ವಪನ್ ಪತಿ, ಕೃಷ್ಣಮೂರ್ತಿ ಮತ್ತು ಜೊತೆಗಾರರು ಅದೇ ರಾಶಿ ವಿಂಗಡಣೆಯನ್ನು ಈ ವಿಧಾನಕ್ಕೂ ಜೋಡಿಸಿ, ಅಲ್ಲೂ ಮೇಲಿನ ಮೆಟ್ಟಿಲು ಹಿಡಿದರು.

2022ರಲ್ಲಿ ಅದೇ ಸಂಸ್ಥೆಗೆ ಪರಮ್ ಪ್ರವೇಗ ಸೂಪರ್‌ಕಂಪ್ಯೂಟರ್ ಬಂತು, 3.3 ಪೆಟಾಫ್ಲಾಪ್ಸ್. ಆ ಐವತ್ತು ರೂಪಾಯಿ ಉಳಿಕೆಯ ಸಮಸ್ಯೆ ಅದರ ಮುಂದೆಯೂ ಹಾಗೇ ಕೂತೈತಿ.

ಮುಂದಿನ ವಾರ: 1977ರಲ್ಲಿ ಫೆಲಿಮ್ ಬಾಯ್ಲ್ ಇದೇ ಮಾಂಟೆ ಕಾರ್ಲೊವನ್ನು ಷೇರು ಆಪ್ಷನ್‌ಗಳ ಬೆಲೆ ಕಟ್ಟೋಕೆ ತಂದದ್ದು. ಅದು ನಮ್ಮ ಸಿಲಬಸ್ಸಿಗೆ ಹತ್ರ, ಸ್ಕಿಪ್ ಮಾಡಬ್ಯಾಡ್ರಿ.

#ಲೆಕ್ಕದಕಥೆ #ಹಿರೇವಡ್ಡಟ್ಟಿ