ತಟ್ಟೆಯಲ್ಲಿ ಬದುಕದ ಕಾವಲುಗಾರ

1991ರಲ್ಲಿ ನೆದರ್‌ಲೆಂಡ್ಸ್‌ನ ಹಂದಿ ಸಾಕಣೆದಾರರು ಕಂಗಾಲಾಗಿದ್ದರು. ಗಬ್ಬದ ಹಂದಿಗಳು ದಿನ ತುಂಬುವ ಮೊದಲೇ ಕಂದು ಹಾಕುತ್ತಿದ್ದವು. ಬದುಕಿದ ಮರಿಗಳು ಉಸಿರಿಗಾಗಿ ಒದ್ದಾಡುತ್ತಿದ್ದವು. ಅಮೆರಿಕದಲ್ಲಿ 1987ರಿಂದಲೇ ಕಾಣಿಸಿಕೊಂಡಿದ್ದ ಈ ಪೀಡೆಯನ್ನು ಕಾರಣ ತಿಳಿಯದೆ ‘ನಿಗೂಢ ಹಂದಿ ರೋಗ’ ಎಂದೇ ಕರೆಯಲಾಗಿತ್ತು. ಮುಂದೆ ಪಿಆರ್‌ಆರ್‌ಎಸ್ ಎಂಬ ಹೆಸರು ಬಂತು.

ಅದೇ ವರ್ಷ ಲೆಲಿಸ್ಟಾಡ್ ನಗರದ ಪಶುವೈದ್ಯ ಸಂಸ್ಥೆಯಲ್ಲಿ ವೆನ್ಸ್‌ವೂರ್ಟ್ ಮತ್ತು ಸಂಗಡಿಗರು ವೈರಾಣುವನ್ನು ಹಿಡಿದರು. ಅದಕ್ಕೆ ಒದಗಿದ್ದು ಹಂದಿಯ ಶ್ವಾಸಕೋಶದ ಮ್ಯಾಕ್ರೋಫೇಜ್. ಹೊಕ್ಕ ರೋಗಾಣುವನ್ನು ನುಂಗಿ ಜೀರ್ಣಿಸಿಕೊಳ್ಳುವ ಕಾವಲು ಕೋಶವಿದು. ಈ ವೈರಾಣು ಮಾತ್ರ ಕಾವಲುಗಾರನ ಹೊಟ್ಟೆಯಲ್ಲೇ ಸಂಸಾರ ಹೂಡುತ್ತದೆ!

ಕೋಶ ಸಿಕ್ಕಿತು, ತಾಪತ್ರಯ ತಪ್ಪಲಿಲ್ಲ. ಎಳೆಯ ಹಂದಿಯನ್ನು ಕೊಂದು, ಶ್ವಾಸಕೋಶಕ್ಕೆ ಲವಣದ್ರಾವಣ ಹಾಕಿ ತೊಳೆದು, ಆ ದ್ರವದಿಂದ ಕೋಶಗಳನ್ನು ಬೇರ್ಪಡಿಸಬೇಕು. ಪ್ರಯೋಗಾಲಯದ ತಟ್ಟೆಯಲ್ಲಿ ಅವು ಹೆಚ್ಚುವುದಿಲ್ಲ, ಹೆಚ್ಚು ದಿನ ಬದುಕುವುದೂ ಇಲ್ಲ. ಮತ್ತೆ ಬೇರೆ ಹಂದಿ ಬೇಕು. ಒಂದು ಹಂದಿಯ ಕೋಶ ಇನ್ನೊಂದರದರಂತೆ ವರ್ತಿಸದಿದ್ದರೆ ಫಲಿತಾಂಶಗಳು ತಾಳೆಯಾಗುವುದೂ ಕಷ್ಟ.

ಸಾಯದೆ ವಿಭಜನೆಗೊಳ್ಳುತ್ತಲೇ ಇರುವ ಕೋಶಸಂತತಿ, ಅಂದರೆ ಸೆಲ್ ಲೈನ್, ಬೇಕಾದದ್ದು ಇದಕ್ಕೇ. ಕೆನಡಾದ ವಿನ್ನಿಪೆಗ್‌ನಲ್ಲಿ ಹಾನಾ ವೈನ್‌ಗಾರ್ಟ್ಲ್ ಮತ್ತು ಸಹೋದ್ಯೋಗಿಗಳು ಇಂಥ ಸಂತತಿಯನ್ನು ಬೆಳೆಸಿ 2002ರಲ್ಲಿ ವರದಿ ಮಾಡಿದರು. ಮಂಗಗಳ ಎಸ್‌ವಿ40 ವೈರಾಣುವಿನ ಒಂದು ವಂಶವಾಹಿಯನ್ನು ಮ್ಯಾಕ್ರೋಫೇಜ್‌ಗೆ ಸೇರಿಸಿದಾಗ ವಿಭಜನೆಗೆ ಇದ್ದ ಕಡಿವಾಣ ಕಳಚಿತು. ಅವುಗಳಿಗೆ 3ಡಿ4 ಎಂಬ ಒಣ ಹೆಸರು.

ಬೆಳೆದದ್ದೆಲ್ಲ ಮ್ಯಾಕ್ರೋಫೇಜ್ ಎಂದು ನಂಬುವಂತಿಲ್ಲ. ನುಂಗುವ ಗುಣ ಉಳಿದಿದೆಯೇ, ಮೈಮೇಲಿನ ಗುರುತಿನ ಪ್ರೋಟೀನುಗಳಿವೆಯೇ, ಯಾವ ವೈರಾಣು ಒಳಹೊಗುತ್ತದೆ ಎಂದು ಒಂದೊಂದಾಗಿ ಪರೀಕ್ಷಿಸಬೇಕು. 3ಡಿ4 ಹಲವು ವೈರಾಣುಗಳಿಗೆ ಎಡೆಗೊಟ್ಟಿತು. ಪಿಆರ್‌ಆರ್‌ಎಸ್ ವೈರಾಣುವಿಗೆ ಮಾತ್ರ ಬಾಗಿಲು ತೆರೆಯಲಿಲ್ಲ. ಅಮರತ್ವ ಪಡೆದ ಕೋಶ ತನ್ನ ಕಸುಬಿನ ಒಂದು ಭಾಗವನ್ನೇ ಮರೆತಿತ್ತೆನ್ನಬೇಕು.

ಆ ಬಾಗಿಲೇ ಸಿಡಿ163 ಎಂಬ ಪ್ರೋಟೀನ್ ಎಂದು 2007ರಲ್ಲಿ ಪ್ರಕಟವಾಯಿತು. ಅದರ ವಂಶವಾಹಿಯನ್ನು ಸೇರಿಸಿದಾಗ ಮೊದಲು ಜಗ್ಗದಿದ್ದ ಕೋಶಗಳಿಗೂ ಸೋಂಕು ತಗುಲಿತು. ಮಿಸೌರಿ ವಿಶ್ವವಿದ್ಯಾಲಯದವರು ಲೆಕ್ಕವನ್ನು ತಿರುವುಹಾಕಿದರು. ಸಿಡಿ163 ಇಲ್ಲದ ಹಂದಿಗಳನ್ನೇ ಹುಟ್ಟಿಸಿ ನೋಡಿದಾಗ ಅವಕ್ಕೆ ರೋಗ ತಗುಲಲಿಲ್ಲ. ಇದು 2016ರಲ್ಲಿ ಪ್ರಕಟವಾಯಿತು. ಇದೇ ಪ್ರೋಟೀನನ್ನು ತಿದ್ದಿದ ಹಂದಿಗಳಿಗೆ 2025ರ ಏಪ್ರಿಲ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಒಪ್ಪಿಗೆ ಕೊಟ್ಟಿತು.

ಇಷ್ಟಾದರೂ ಪ್ರಯೋಗಾಲಯಗಳಲ್ಲಿ ಹಂದಿಯ ಶ್ವಾಸಕೋಶ ತೊಳೆಯುವ ಕೆಲಸ ನಿಂತಿಲ್ಲ. ಸೆಲ್ ಲೈನ್‌ನ ಮಾತು ನಿಜವೇ ಎಂದು ತಿಳಿಯಲು ಕೊನೆಗೆ ಹೋಲಿಸಿ ನೋಡುವುದು ಆ ಅಲ್ಪಾಯುಷಿ ಕೋಶಗಳೊಡನೆಯೇ.