ಅನಿಲಚಾಲಿತ ರೆಫ್ರಿಜರೇಟರ್

ಅನಿಲಚಾಲಿತ ರೆಫ್ರಿಜರೇಟರ್ ಎಂಬುದು ಪ್ರೊಪೇನ್ ಅಥವಾ ಎಲ್‌ಪಿಜಿ ಜ್ವಾಲೆಯ ಶಾಖದಿಂದ ತಂಪನ್ನು ಉಂಟುಮಾಡುವ ಯಂತ್ರ. ಇದನ್ನು ಹೀರಿಕೆ ರೆಫ್ರಿಜರೇಟರ್ ಎಂದೂ ಕರೆಯುತ್ತಾರೆ. ವಿದ್ಯುತ್ ಸಂಪರ್ಕವಿಲ್ಲದ ಕಡೆಯೂ ಕೆಲಸ ಮಾಡುವುದರಿಂದ ಇದು ಮೋಟರ್‌ಹೋಮ್ ಹಾಗೂ ಕ್ಯಾರವಾನ್‌ಗಳಲ್ಲಿ ಬಳಕೆಯಲ್ಲಿದೆ. ಇದರ ತಂಪು ಘಟಕದಲ್ಲಿ ಚಲಿಸುವ ಭಾಗಗಳಿಲ್ಲ. ಆದ್ದರಿಂದ ತಂಪು ಕುಂದಿದಾಗ ವಾಹನದ ಮಟ್ಟ, ಜ್ವಾಲೆ ಮತ್ತು ಗಾಳಿಯ ಸಂಚಾರ ಎಂಬ ಮೂರನ್ನು ಮೊದಲು ಪರೀಕ್ಷಿಸಲಾಗುತ್ತದೆ. ಕೊಡಗಿನಂತಹ ಗುಡ್ಡಗಾಡಿನಲ್ಲಿ ಈ ಮೂರಕ್ಕೂ ವಿಶೇಷ ಗಮನ ಅಗತ್ಯ.

ಇತಿಹಾಸ

ಅಮೋನಿಯ ಮತ್ತು ನೀರನ್ನು ಬಳಸುವ ಹೀರಿಕೆ ಯಂತ್ರವನ್ನು ಫ್ರಾನ್ಸಿನ ಫರ್ಡಿನಾಂಡ್ ಕಾರೆ 1859ರಲ್ಲಿ ರೂಪಿಸಿದನು. 1922ರಲ್ಲಿ ಸ್ಟಾಕ್‌ಹೋಮ್‌ನ ವಿದ್ಯಾರ್ಥಿಗಳಾಗಿದ್ದ ಬಾಲ್ಟ್‌ಸಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ಪಂಪಿನ ಅಗತ್ಯವಿಲ್ಲದ ವಿನ್ಯಾಸವನ್ನು ಕಂಡುಹಿಡಿದರು. 1925ರಲ್ಲಿ ಎಲೆಕ್ಟ್ರೋಲಕ್ಸ್ ಸಂಸ್ಥೆ ಇದರ ತಯಾರಿಕೆಯನ್ನು ಕೈಗೆತ್ತಿಕೊಂಡಿತು. ಸೀಮೆಎಣ್ಣೆಯಿಂದ ನಡೆಯುವ ಫ್ರಿಜ್‌ಗಳೂ ಇದೇ ತತ್ತ್ವದವು.

ಕಾರ್ಯವಿಧಾನ

ಜ್ವಾಲೆಯು ಅಮೋನಿಯ ಬೆರೆತ ನೀರನ್ನು ಕುದಿಸುತ್ತದೆ. ಹೊರಬಂದ ಅಮೋನಿಯ ಆವಿಯು ಮೇಲಿನ ಕೊಳವೆಗಳಲ್ಲಿ ತಣಿದು ದ್ರವವಾಗುತ್ತದೆ. ಈ ದ್ರವವು ಹೈಡ್ರೋಜನ್ ಅನಿಲವಿರುವ ಭಾಗಕ್ಕೆ ಇಳಿದು ಆವಿಯಾಗುವಾಗ ಪೆಟ್ಟಿಗೆಯೊಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಬಳಿಕ ನೀರು ಅಮೋನಿಯವನ್ನು ಮತ್ತೆ ತನ್ನಲ್ಲಿ ಕರಗಿಸಿಕೊಳ್ಳುತ್ತದೆ. ದ್ರವಗಳು ಗುರುತ್ವದಿಂದಲೇ ಕೆಳಗೆ ಹರಿಯುವುದರಿಂದ ಯಂತ್ರ ನೆಟ್ಟಗಿರಬೇಕು. ಬಹಳ ಹೊತ್ತು ವಾಲಿದ ಸ್ಥಿತಿಯಲ್ಲಿ ಉರಿಸಿದರೆ ಕುದಿಪಾತ್ರೆ ಅತಿಯಾಗಿ ಕಾದು ಶಾಶ್ವತ ಹಾನಿಯಾಗಬಹುದು.

ಕೊಡಗಿನ ಪರಿಸರದಲ್ಲಿ

ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,170 ಮೀಟರ್, ತಲಕಾವೇರಿ ಸುಮಾರು 1,276 ಮೀಟರ್ ಎತ್ತರದಲ್ಲಿವೆ. ಮಡಿಕೇರಿಯ ಎತ್ತರದಲ್ಲಿ ವಾಯುಭಾರ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 13ರಷ್ಟು ಕಡಿಮೆ. ಕೆಲವು ತಯಾರಕರು ಸುಮಾರು 1,000 ಮೀಟರ್ ಮೇಲೆ ಅನಿಲದ ದಹನ ಕುಂದಬಹುದೆಂದು ಎಚ್ಚರಿಸುತ್ತಾರೆ. ಜ್ವಾಲೆ ಪದೇಪದೇ ಆರಿದರೆ ವಿದ್ಯುತ್ತಿಗೆ ಬದಲಾಯಿಸುವುದು ಸೂಕ್ತ. ಇಳಿಜಾರಿನಲ್ಲಿ ವಾಹನ ನಿಲ್ಲಿಸಿದಾಗ ಚಕ್ರಗಳ ಕೆಳಗೆ ಮಟ್ಟದ ಹಲಗೆಗಳನ್ನಿಟ್ಟು, ರಸಮಟ್ಟದಿಂದ ಫ್ರಿಜ್‌ನ ತಳವನ್ನು ಪರೀಕ್ಷಿಸಬೇಕು. ಹಲವು ಮಾದರಿಗಳಲ್ಲಿ ಅಡ್ಡವಾಲು ಸುಮಾರು 3 ಡಿಗ್ರಿಯನ್ನು ಮೀರುವಂತಿಲ್ಲ. ಮಳೆಗೆ ಹೆದರಿ ಹೊರಗಿನ ಗಾಳಿಕಿಂಡಿಗಳನ್ನು ಟಾರ್ಪಾಲಿನಿಂದ ಮುಚ್ಚಿದರೆ ಶಾಖವೂ ಹೊಗೆಯೂ ಹೊರಹೋಗುವುದಿಲ್ಲ. ವಾಹನ ತಿಂಗಳುಗಟ್ಟಲೆ ನಿಂತಿದ್ದರೆ ಬರ್ನರ್ ಕೊಳವೆಯಲ್ಲಿ ಜೇಡರಬಲೆ ಕಟ್ಟುವುದುಂಟು.

ದೋಷಗಳ ಪತ್ತೆ

ಯಂತ್ರ ಪೂರ್ಣ ತಂಪಾಗಲು ಹಲವು ಗಂಟೆಗಳು ಬೇಕು. ಆ ಮೊದಲೇ ಕೆಟ್ಟಿದೆಯೆಂದು ನಿರ್ಧರಿಸುವುದು ಸರಿಯಲ್ಲ. ಮಟ್ಟ ಸರಿಯಿದ್ದು, ವಿದ್ಯುತ್ತಿನಲ್ಲಿ ತಂಪಾಗಿ ಅನಿಲದಲ್ಲಿ ಆಗದಿದ್ದರೆ ತಂಪು ಘಟಕ ಸುಸ್ಥಿತಿಯಲ್ಲಿದೆ. ದೋಷ ಅನಿಲದ ಭಾಗದಲ್ಲಿದೆ. ಎರಡರಲ್ಲೂ ತಂಪಾಗದಿದ್ದರೆ ಮಟ್ಟ, ಗಾಳಿಯ ಸಂಚಾರ ಮತ್ತು ಬಾಗಿಲಿನ ರಬ್ಬರನ್ನು ನೋಡಿದ ಬಳಿಕ ಮಾತ್ರ ಘಟಕವನ್ನು ಶಂಕಿಸಬೇಕು.

ಗುಂಡಿಯನ್ನು ಬಿಟ್ಟೊಡನೆ ಜ್ವಾಲೆ ಆರಿದರೆ ಥರ್ಮೋಕಪಲ್ ಸವೆದಿರಬಹುದು ಅಥವಾ ಸರಿದಿರಬಹುದು. ಜ್ವಾಲೆ ನೀಲಿಯಾಗಿರಬೇಕು, ಹಳದಿಯಾಗಿದ್ದರೆ ದಹನಕ್ಕೆ ಗಾಳಿ ಸಾಲದು. ಮಂದವಾಗಿದ್ದರೆ ಸಿಲಿಂಡರ್, ರೆಗ್ಯುಲೇಟರ್ ಮತ್ತು ಜೆಟ್ಟನ್ನು ಪರೀಕ್ಷಿಸಬೇಕು. ಜೆಟ್ಟಿನ ರಂಧ್ರವನ್ನು ತಂತಿಯಿಂದ ಚುಚ್ಚಿದರೆ ಅದು ಹಿಗ್ಗಿ ಅನಿಲದ ಪ್ರಮಾಣ ತಪ್ಪುತ್ತದೆ. ಭಾರತದ ಗೃಹಬಳಕೆಯ ಎಲ್‌ಪಿಜಿಯು ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಆದ್ದರಿಂದ ಆಮದು ಯಂತ್ರದ ಫಲಕದಲ್ಲಿ ನಮೂದಿಸಿದ ಅನಿಲ ಮತ್ತು ಒತ್ತಡ ಇಲ್ಲಿನ ಪೂರೈಕೆಗೆ ಹೊಂದುತ್ತವೆಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

ಹಿಂಭಾಗದ ಕೊಳವೆಗಳ ಮೇಲೆ ಹಳದಿ ಪುಡಿ ಅಥವಾ ಅಮೋನಿಯದ ಕಟುವಾಸನೆ ಕಂಡರೆ ಘಟಕ ಸೋರುತ್ತಿದೆ ಎಂದರ್ಥ. ಯಂತ್ರವನ್ನು ತಕ್ಷಣ ಆರಿಸಬೇಕು. ಒಳಗಿನ ಹೈಡ್ರೋಜನ್ ದಹ್ಯ ಅನಿಲವಾದುದರಿಂದ ಇದು ಸ್ಥಳದಲ್ಲೇ ದುರಸ್ತಿ ಮಾಡುವಂಥದ್ದಲ್ಲ.

ಸುರಕ್ಷತೆ

ಎಲ್‌ಪಿಜಿ ಗಾಳಿಗಿಂತ ಭಾರವಾದುದರಿಂದ ಸೋರಿದಾಗ ವಾಹನದ ನೆಲಮಟ್ಟದಲ್ಲಿ ಸಂಗ್ರಹವಾಗುತ್ತದೆ. ಸೋರಿಕೆಯನ್ನು ಸಾಬೂನು ನೀರಿನಿಂದ ಪತ್ತೆಹಚ್ಚಬೇಕೇ ಹೊರತು ಬೆಂಕಿಕಡ್ಡಿಯಿಂದಲ್ಲ. ವಾಸನೆ ಬಂದಾಗ ಸಿಲಿಂಡರ್ ಮುಚ್ಚಿ, ಬಾಗಿಲು ತೆರೆದು, ಯಾವುದೇ ಸ್ವಿಚ್ ಮುಟ್ಟದೆ ಹೊರಬರಬೇಕು. ದೇಶದ ಎಲ್‌ಪಿಜಿ ತುರ್ತು ಸಹಾಯವಾಣಿಯ ಸಂಖ್ಯೆ 1906. ಅಪೂರ್ಣ ದಹನದಿಂದ ಉಂಟಾಗುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಾಗಲಿ ವಾಸನೆಯಾಗಲಿ ಇಲ್ಲ. ಮಲಗುವ ವಾಹನದಲ್ಲಿ ಅದರ ಎಚ್ಚರಿಕೆ ಸಾಧನ ಇರಬೇಕು. ಪೆಟ್ರೋಲ್ ಬಂಕ್ ಪ್ರವೇಶಿಸುವ ಮೊದಲು ಜ್ವಾಲೆಯನ್ನು ಆರಿಸಿರಬೇಕು.